ಕಣ್ಣು ಮುಚ್ಚಿದ ಗಡಿಗೆ

ಕಣ್ಣು ಬಿಟ್ಟ ಮಣ್ಣು ಮನೆಯಲ್ಲಿ ಉಳಿಯಬಾರದು. ಈ ಕುಂಬಾರರ ಮನೆಗೆ ಸೊಸೆಯಾಗಿ ಬಂದ ವಾರದೊಳಗೆ ಅತ್ತೆ ನನಗೆ ಹೇಳಿದ ಮಾತು ಇದು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ, ಕಣ್ಣಿಗೆ ಜೋಳದ ಕಾಳು ಒತ್ತುತ್ತೇವೆ. ಆಷಾಢದ ಮಂಗಳವಾರ ಹುಡುಗಿಯರು ಮಣ್ಣಿನ ದೇವತೆ ಗುಳ್ಳವ್ವನನ್ನು ಮಾಡುತ್ತಾರೆ, ಕಣ್ಣಿಗೆ ಗುಲಗಂಜಿ ಇಡುತ್ತಾರೆ. ಪೂಜೆ ಮಾಡಿ, ನೈವೇದ್ಯ ತೋರಿಸಿ, ಕಡೆಗೆ ಹಳ್ಳಕ್ಕೋ ಬಾವಿಗೋ ಕಳಿಸುತ್ತಾರೆ. ಹಸಿ ಮಣ್ಣು, ನೀರು ಮುಟ್ಟಿದರೆ ಕರಗಿ ಬಂದಲ್ಲಿಗೆ ಹೋಗುತ್ತದೆ. ಗಡಿಗೆಯ ಮಾತು ಬೇರೆ. ಅದಕ್ಕೆ ಬಾಯಿ ಇದೆ, ಕುತ್ತಿಗೆ ಇದೆ, ಹೊಟ್ಟೆ ಇದೆ, ಕಣ್ಣಿಲ್ಲ. ಬೆಂಕಿ ಕಂಡಿದ್ದು, ಕರಗುವುದಿಲ್ಲ. ಮನೆಯಲ್ಲೇ ಇದ್ದು ನೀರು ತಂಪು ಮಾಡುತ್ತದೆ. ನೋಡುವ ಮಣ್ಣು ಹೋಗಬೇಕು, ನೋಡದ ಮಣ್ಣು ಇರಬೇಕು. ಇಷ್ಟೇ.

ಈ ಎರಡನ್ನು ಕೂಡಿಸಿ ಕಲಸಿದವಳು ನಾನು. ಬೇಕಂತ ಮಾಡಿದ್ದಲ್ಲ. ನಿದ್ದೆಗಣ್ಣಿನಲ್ಲಿ ಆಗಿದ್ದು.

ತವರು ಯಂಕಂಚಿ, ಕೊಟ್ಟಿದ್ದು ಮೋರಟಗಿಗೆ. ಎರಡೂ ಕಡೆ ಇದೇ ಕಸುಬು. ಸಾಲೆಗೆ ಮೂರನೇ ಇಯತ್ತೆ ತನಕ ಹೋದೆ, ಮುಂದೆ ಮಣ್ಣು ತುಳಿಯಲು ಕಾಲು ಬೇಕಾದವು. ನಮ್ಮ ಮನೆಯವರು ತಿಗರಿ ತಿರುಗಿಸುತ್ತಿದ್ದರು. ಆ ಚಕ್ರವನ್ನು ಹೆಂಗಸರು ಮುಟ್ಟುವಂತಿಲ್ಲ. ಆದರೆ ತಿಗರಿಯಿಂದ ಇಳಿದ ಗಡಿಗೆ ಇನ್ನೂ ಗಡಿಗೆಯಲ್ಲ, ತಳವೇ ಇರುವುದಿಲ್ಲ ಅದಕ್ಕೆ. ಒಳಗೆ ಎಡಗೈಯಲ್ಲಿ ದುಂಡು ಕಲ್ಲು ಹಿಡಿದು, ಹೊರಗಿನಿಂದ ಬಲಗೈಯಲ್ಲಿ ಕಟ್ಟಿಗೆಯ ಹಲಗೆಯಿಂದ ತಟ್ಟಿ ತಟ್ಟಿ ತಳ ಕೂಡಿಸಬೇಕು, ಹೊಟ್ಟೆ ಬಿಡಿಸಬೇಕು. ನಮ್ಮಲ್ಲಿ ಅದು ನನ್ನ ಕೆಲಸ. ಗಂಡಸು ಚಕ್ರ ತಿರುಗಿಸಿ ಹೆಸರು ತೆಗೆದುಕೊಳ್ಳುತ್ತಾನೆ, ನೀರು ನಿಲ್ಲುವ ಹಾಗೆ ಮಾಡುವವಳು ಹೆಂಗಸು. ಇರಲಿ.

ಮಧ್ಯಾಹ್ನ ಉಂಡ ಮೇಲೆ ನಾನು ಪಡಸಾಲೆಯಲ್ಲಿ ಕೂತು ತಟ್ಟುತ್ತಿದ್ದೆ. ಅತ್ತೆ ಅಲ್ಲೇ ಹೊರಸಿನ ಮೇಲೆ ಅಡ್ಡಾಗುತ್ತಿದ್ದಳು. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣ ಅಂದರೆ, "ನೋಡೂದೆಲ್ಲಾ ನೋಡೇನಿ. ತೋರಸಾಕ ನಿಮ್ಮ ಕಡೆ ಹೊಸಾದೇನೈತಿ?" ಅನ್ನುತ್ತಿದ್ದಳು. ಹಲಗೆಯ ಸಪ್ಪಳ ನಡೆದಿರುವ ತನಕ ಆಕೆಗೆ ಸುಖನಿದ್ದೆ. ನನಗೆ ಜೊಂಪು ಹತ್ತಿ ಕೈ ನಿಂತಿತೋ, ಆಕೆಗೆ ಎಚ್ಚರ.

"ಯಾಕಬೇ, ಸತ್ತೇನ?"

"ಇಲ್ರಿ ಅತ್ತಿ, ಬದಕೇನಿ."

"ಬದಕಿದ್ರ ಬಡಿ."

ಹೀಗೆ ಒಬ್ಬಳ ನಿದ್ದೆಗೆ ಇನ್ನೊಬ್ಬಳ ಎಚ್ಚರ ಕಾವಲು. ಎಷ್ಟು ವರ್ಷ ನಡೆಯಿತೋ.

ಪ್ಲಾಸ್ಟಿಕ್ ಕೊಡಗಳು ಬಂದು ಮೂರ್ನಾಲ್ಕು ಬೇಸಿಗೆ ಕಳೆದಿದ್ದವು. ಸಿಂದಗಿ ಸಂತೆಗೆ ಒಯ್ದ ಗಡಿಗೆಗಳಲ್ಲಿ ಅರ್ಧ ಹಾಗೇ ಹಿಂದಕ್ಕೆ ಬರುತ್ತಿದ್ದವು. ಅಂಥ ಒಂದು ಮಧ್ಯಾಹ್ನ. ಬಿಸಿಲು ಅಂಗಳದಲ್ಲಿ ಹಾಲಿನ ಹಾಗೆ ಕೆನೆಗಟ್ಟಿ ನಿಂತಿತ್ತು. ಬೇವಿನ ನೆರಳು ಗೋಡೆ ಬಿಟ್ಟು ನನ್ನ ಮೊಣಕಾಲಿಗೆ ಬಂದಿತ್ತು, ಅಲ್ಲಿಂದ ಮಡಿಲಿನ ಗಡಿಗೆಗೆ. ಗಡಿಗೆಯ ಹೊಟ್ಟೆಯ ಮೇಲೆ ಎಲೆಗಳು ಆಡುತ್ತಿದ್ದವು. ಎಲೆಯ ಮೇಲೆ ತಟ್ಟುತ್ತೇನೋ, ಮಣ್ಣಿನ ಮೇಲೆ ತಟ್ಟುತ್ತೇನೋ ತಿಳಿಯದಂತಾಯಿತು. ಕಣ್ಣು ಮುಚ್ಚಿದವು. ಕೈ ಮಾತ್ರ ಅವತ್ತು ನಿಲ್ಲಲಿಲ್ಲ. ಟಪ್, ಟಪ್, ಟಪ್. ಎಲ್ಲೋ ದೂರ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ, ನಾನು ಊಟಕ್ಕೆ ಕೂತಿದ್ದೇನೆ, ತಾಟಿನಲ್ಲಿ ನೆರಳು ಬಡಿಸಿದ್ದಾರೆ. ಅಂಥದ್ದೇನೋ.

ಎಚ್ಚರವಾದಾಗ ಗಡಿಗೆ ಕೆಟ್ಟಿತ್ತು. ಒಂದು ಕಡೆ ಹೊಡೆತ ಹೆಚ್ಚು ಬಿದ್ದು ಭುಜ ಇಳಿದಿತ್ತು, ಕುತ್ತಿಗೆ ಆ ಭುಜದ ಮೇಲೆ ವಾಲಿತ್ತು. ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋದ ಹೆಂಗಸಿನ ಹಾಗೆ. ಮುದ್ದೆ ಮಾಡಿ ಮಣ್ಣಿಗೆ ಒಗೆಯಬೇಕು. ಒಗೆಯಲಿಲ್ಲ. ಹೆಬ್ಬೆರಳಿನಿಂದ ಒಂದಿಷ್ಟು ಮಣ್ಣು ಎತ್ತಿ ಕುತ್ತಿಗೆಗೆ ಮೂಗು ಇಟ್ಟೆ. ತುಟಿ ಒತ್ತಿದೆ. ಎರಡು ಕಾಳಿನಷ್ಟು ಮಣ್ಣು ಉಬ್ಬಿಸಿ ರೆಪ್ಪೆ ಮಾಡಿ, ಕೆಳಗೆ ಉಗುರಿನಿಂದ ಗೆರೆ ಎಳೆದೆ. ಮಲಗಿದವಳಿಗೆ ಕಣ್ಣು ಮುಚ್ಚಿರಲೇಬೇಕಲ್ಲ.

ಮನೆಯವರು ನೋಡಿ ನಕ್ಕರು. "ಇದೇನ? ನಿಮ್ಮವ್ವ ಬಂದಾಳೇನ?"

"ನಮ್ಮವ್ವ ಮಧ್ಯಾಹ್ನ ಎಂದೂ ಮಕ್ಕೊಂಡಾಕೆಲ್ಲ. ನಿಮ್ಮ ಮನ್ಯಾಗಿನ ಯಾರರ ಇರಬೇಕ."

ಹೊರಸಿನ ಮೇಲಿಂದ ಅತ್ತೆ ಕೇಳಿದಳು. "ಮಾರಿ ಮಾಡೀಯೇನ? ಕಣ್ಣ ಅದಾವೇನ ಅದಕ್ಕ?"

"ಅದಾವ್ರಿ. ಮುಚ್ಯಾವ."

"ಇತ್ತ ತಾ."

ಹಸಿ ಗಡಿಗೆಯನ್ನು ಆಕೆಯ ಮಡಿಲಲ್ಲಿಟ್ಟೆ. ಹೆಬ್ಬೆರಳು ಹಣೆಯಿಂದ ಇಳಿದು ರೆಪ್ಪೆಯ ಉಬ್ಬಿನ ಮೇಲೆ ನಿಂತಿತು, ಗೆರೆಗುಂಟ ಹೋಯಿತು, ತಿರುಗಿ ಬಂತು. ಐವತ್ತು ವರ್ಷ ಗಡಿಗೆ ತಟ್ಟಿದ ಬೆರಳು ಅದು. ಒಡೆದು ಹಂಚಿನ ಹಾಗಾಗಿತ್ತು. ಆದರೂ ಕೂದಲೆಳೆಯ ಬಿರುಕು ಅದಕ್ಕೆ ಸಿಗುತ್ತಿತ್ತು.

"ಮುಚ್ಯಾವ," ಅಂದಳು. "ಹಂಗಾದ್ರ ಇರಲಿ. ಖರೆ ಕೇಳ, ನೀ ಮಾಡಿದ್ದರಾಗ ಒಂದರ ಕಣ್ಣ ತೆರೀತಂದ್ರ ಅವತ್ತಿಂದ ನಿನ್ನ ಕೈ ಬಂದ್. ಮತ್ತ ಮಾರಿ ಮಾಡಾಂಗಿಲ್ಲ."

"ಹೂಂ ರಿ."

"ಬರೇ ಹೂಂ ಯಾರಿಗಿ ಬೇಕ? ಬೂದಿ ಮುಟ್ಟ."

ಗಡಿಗೆ ಸುಡುವ ಆವಿಗೆಯ ಬೂದಿಗೆ ಕೈ ಹಚ್ಚಿ ಹೇಳಿದ ಮಾತು ನಮ್ಮಲ್ಲಿ ಮುರಿಯುವಂತಿಲ್ಲ. ಮುಟ್ಟಿ ಬಂದೆ. ಅವತ್ತು ಅದೊಂದು ದೊಡ್ಡ ಮಾತು ಅನ್ನಿಸಲಿಲ್ಲ.

ಆವಿಗೆಯಿಂದ ಹೊರಬಂದಾಗ ಆಕೆ ಕೆಂಪಗಾಗಿದ್ದಳು. ಎಡಗೆನ್ನೆಯ ಮೇಲೆ ಹೊಗೆ ಹಾಯ್ದು ಅಂಗೈಯಗಲ ಕಪ್ಪು ಕೂತಿತ್ತು, ಕೈ ತಲೆದಿಂಬು ಮಾಡಿ ಮಲಗಿದವರ ಕೆನ್ನೆಯ ಗುರುತಿನ ಹಾಗೆ. ಸಿಂದಗಿ ಸಂತೆಯಲ್ಲಿ ಮುಚ್ಚಳಗಳ ನಡುವೆ ಆಕೆಯನ್ನೂ ಇಟ್ಟೆ. ಇಂಡಿ ಊರಿನ ನಿಂಬೆ ವ್ಯಾಪಾರಿಯ ಮನೆಯ ಸೊಸೆಯೊಬ್ಬಳು ತಂಗಿಯನ್ನು ನೋಡಲು ಸಿಂದಗಿಗೆ ಬಂದಿದ್ದಳಂತೆ. ನಿಂತು ನೋಡಿದಳು. ಮುಂದೆ ಹೋದಳು. ಹೊಳ್ಳಿ ಬಂದಳು.

"ಇದರಾಗ ಏನ ಹಾಕತಾರ್ರಿ?"

"ಉಪ್ಪ ಹಾಕ್ರಿ, ಬೆಲ್ಲ ಹಾಕ್ರಿ. ನಿಮ್ಮ ಮನಿ, ನಿಮ್ಮ ಗಡಿಗಿ."

"ಏ, ಏನೂ ಹಾಕೂದಿಲ್ರಿ. ಹೊಸಾ ಮನಿ ಕಟ್ಟೇವಿ, ಶೋಕೇಸನ್ಯಾಗ ಇಡತೇನಿ."

"ಖಾಲಿ?"

"ಖಾಲಿ."

ಖಾಲಿ ಗಡಿಗೆಯನ್ನು ನೋಡಲಿಕ್ಕೆಂದು ಮನೆಯಲ್ಲಿ ಇಡುವವರನ್ನು ನಾನು ಕಂಡಿದ್ದು ಅವತ್ತೇ. ಆದರೆ ನಮ್ಮಲ್ಲಿ ಬರಿಗಡಿಗೆ ಕೊಡುವ ಪದ್ಧತಿ ಇಲ್ಲ. ನೀರಿನ ಹರವಿಯಾದರೆ ಒಂದು ಚೊಂಬು ನೀರು ಹಾಕಿ ಕೊಡುತ್ತೇವೆ. ಇದಕ್ಕೆ ಒಂದು ಬೊಗಸೆ ಜೋಳ ಸುರಿದೆ.

"ಜ್ವಾಳ ಫುಕಟ ಏನ್ರಿ?" ಅಂದಳು.

"ಆಕಿ ಊಟರಿ ಅದು. ತಗೀಬ್ಯಾಡ್ರಿ."

ನಗುತ್ತ ಒಯ್ದಳು. ತೆಗೆಯಲಿಲ್ಲ ಅಂತ ಮುಂದೆ ಗೊತ್ತಾಯಿತು.

ಆಮೇಲೆ ಒಬ್ಬರ ಶೋಕೇಸು ನೋಡಿ ಇನ್ನೊಬ್ಬರು ಬಂದರು. ಬಸವನ ಬಾಗೇವಾಡಿಯ ಒಬ್ಬ ಅಕ್ಕೋರು, ಸಾಲೆ ಕಲಿಸುವವರು, ಒಬ್ಬರಿಗೊಬ್ಬರು ಒರಗಿ ಮಲಗಿದ ಇಬ್ಬರು ಬೇಕೆಂದರು. ಮುದ್ದೇಬಿಹಾಳದಿಂದ ರುಮಾಲಿನ ಮುದುಕ ಬೇಕೆಂದು ಹೇಳಿ ಕಳಿಸಿದರು. ರುಮಾಲು ತೆಗೆದರೆ ಒಳಗೆ ಗಡಿಗೆಯ ಬಾಯಿ. ನನ್ನ ಕೈಗೆ ಒಂದು ಚಾಳಿ ಬಿದ್ದಿತ್ತು. ಪೂರ್ತಿ ಎಚ್ಚರವಿದ್ದಾಗ ಮಾಡಿದ ಮುಖ ಸರಿ ಬರುತ್ತಿರಲಿಲ್ಲ, ಗೊಂಬೆಯಾಗುತ್ತಿತ್ತು. ಊಟದ ಮೇಲಿನ ಆ ಎರಡು ತಾಸಿನಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ ಇದ್ದಾಗ, ಮಣ್ಣು ತಾನೇ ತಲೆ ವಾಲಿಸುತ್ತಿತ್ತು. ನಾನು ಆಮೇಲೆ ಮೂಗು ಇಡುವುದಷ್ಟೇ.

ಒಣಗಲು ಅವರನ್ನು ಕಟ್ಟೆಯ ನೆರಳಿನಲ್ಲಿ ಸಾಲಾಗಿ ಇಡುತ್ತಿದ್ದೆ. ಎಂಟು ಹತ್ತು ಜನ, ಒಬ್ಬೊಬ್ಬರದೂ ಒಂದೊಂದು ನಿದ್ದೆ. ಒಬ್ಬಳದು ದಣಿದ ನಿದ್ದೆ, ಒಬ್ಬಳದು ಸಿಟ್ಟು ಮಾಡಿ ಮಲಗಿದ್ದು, ಒಬ್ಬಳದು ಸುಮ್ಮನೆ ಕಣ್ಣು ಮುಚ್ಚಿದ್ದು, ಕರೆದರೆ ಓ ಅಂದಾಳು. ಆಶ್ಚರ್ಯವೆಂದರೆ ಓಣಿಯೇ ಮೆತ್ತಗಾಯಿತು. ಹೊರೆ ಹೊತ್ತವರು ಕಟ್ಟೆಯ ಹತ್ತಿರ ಬಂದಾಗ ದನಿ ತಗ್ಗಿಸುತ್ತಿದ್ದರು. ನಮ್ಮ ಮನೆಯವರು ಕೆಮ್ಮು ಬಂದರೆ ಹಿತ್ತಲಿಗೆ ಹೋಗುತ್ತಿದ್ದರು. ಕೇಳಿದರೆ, "ಮಕ್ಕೊಂಡಾರಲ್ಲ," ಅಂದರು. ಅಂದ ಮೇಲೆ ನಾಚಿಕೊಂಡರು. ಗಾಳಿ ಬೀಸಿದಾಗ ಆ ಗಡಿಗೆಗಳ ಬಾಯಿಯಿಂದ ಸಣ್ಣಗೆ ಹೂಂ ಅನ್ನುವ ಸಪ್ಪಳ ಬರುತ್ತಿತ್ತು. ಎಲ್ಲ ಗಡಿಗೆಗೂ ಬರುತ್ತದೆ ಅದು. ಆದರೂ ಮುಖವಿದ್ದಾಗ ಅದು ಉಸಿರಿನ ಹಾಗೆ ಕೇಳುತ್ತದೆ.

ಒಮ್ಮೆ ಎದುರು ಮನೆಯಾಕೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಯ್ ಇಕಿನ, ನನ್ನ ಮೂಗ ಕದ್ದೀ!"

"ಕದಿಯಾಕ ಅದೇನ ಬಂಗಾರದ್ದೇನ?"

"ಮತ್ತ ಆ ಮೂರನೇದಾಕಿ ಮಾರಿ ನೋಡ. ನಾನ ಅದೇನಿ!"

"ನೀ ಮಕ್ಕೊಂಡಾಗ ಬಾಯಿ ತೆರದ ಮಕ್ಕೋತಿ. ಆಕಿ ಬಾಯಿ ಮುಚ್ಯಾಳ. ಆಕಿ ನೀ ಅಲ್ಲ."

ಸಿಟ್ಟಿನಿಂದ ಹೋದಳು. ಸಂಜೆ ಮಗಳನ್ನು ಕರೆತಂದು ತೋರಿಸಿದಳು.

ನನಗೆ ಜೀವನದಲ್ಲಿ ಬಹಳ ಆಸೆಗಳಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಇದ್ದವು ಒಂದೊಂದೇ ಹಾರಿ ಹೋಗಿದ್ದವು. ಈ ಎರಡು ತಾಸು ಮಾತ್ರ ನನಗೆ ಬೇಕಿತ್ತು. ಹಬ್ಬವಿಲ್ಲ, ಮದುವೆಯಿಲ್ಲ, ಯಾರಿಗೂ ಉಣಬಡಿಸುವುದಿಲ್ಲ. ಮಡಿಲಲ್ಲಿ ತಣ್ಣನೆ ಮಣ್ಣು, ಅದರೊಳಗಿಂದ ಯಾರೋ ನಿಧಾನ ತಲೆ ವಾಲಿಸುವುದು. ಇದನ್ನು ಕಿತ್ತುಕೊಂಡರೆ ನನ್ನ ಕೈಗೆ ಮತ್ತೇನೂ ಉಳಿಯುತ್ತಿರಲಿಲ್ಲ. ಬರೀ ಗಡಿಗೆಗೆ ಅಷ್ಟೊತ್ತಿಗೆ ಗಿರಾಕಿಯೂ ಇರಲಿಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಇಂಡಿಯ ಆ ಸೊಸೆ ಟೆಂಪೊದಿಂದ ಇಳಿದು ನೇರ ನಮ್ಮ ಅಂಗಳಕ್ಕೆ ಬಂದಳು. ಮುಖ ಬಾಡಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ.

"ನಿಮ್ಮಾಕಿ ಮುಳಗವಲ್ಲಳ್ರಿ," ಅಂದಳು.

"ಯಾರು?"

"ಆಕಿನ್ರಿ. ನೀವು ಕೊಟ್ಟಾಕಿ."

ಬಿಡಿಸಿ ಕೇಳಿದೆ. ಅವರ ಮನೆಗೆ ಬಂದ ಬೀಗರೊಬ್ಬರು ಶೋಕೇಸು ನೋಡಿ, ಬಾಗಿಲ ಎದುರಿಗೇ ಹೆಣ್ಣು ನಿದ್ದೆ ಹೊಡೆಯುತ್ತಿದ್ದರೆ ಲಕ್ಷ್ಮಿ ಒಳಗೆ ಬರುತ್ತಾಳೇನು ಅಂದರಂತೆ. ಈಕೆಗೆ ಹೌದೆನ್ನಿಸಿತು. ಬಾಗಿಲಿಗೆ ಹಚ್ಚಿ ಉಳಿದ ಎಣ್ಣೆಬಣ್ಣ ಇತ್ತು, ಬಿಳಿ ಮತ್ತು ಕಪ್ಪು. ರೆಪ್ಪೆಯ ಮೇಲೇ ಕಣ್ಣು ಬರೆದಳು. ದೊಡ್ಡವು. ಆಗ ಅವಳ ಅತ್ತೆ ನೋಡಿದರು. ಕಣ್ಣು ಬಿಟ್ಟ ಮಣ್ಣು ಮನೆಯಲ್ಲಿ! ಆ ಮಾತು ಬರೀ ಕುಂಬಾರರದಲ್ಲ, ಎಲ್ಲರ ಮನೆಯಲ್ಲೂ ಇರುವುದೇ. ಮಂಗಳವಾರ ಅರಿಷಿಣ ಕುಂಕುಮ ಏರಿಸಿ, ತುಟಿಗೆ ಬೆಣ್ಣೆ ಹಚ್ಚಿ, ಗುಳ್ಳವ್ವನನ್ನು ಕಳಿಸಿದ ಹಾಗೆ ತೋಟದ ಬಾವಿಗೆ ಕಳಿಸಿದರು.

"ಸುಟ್ಟ ಗಡಿಗಿ ಎಲ್ಲಿ ಕರಗಬೇಕ್ರಿ," ಅಂದೆ.

"ಕರಗೂದ ಬ್ಯಾಡ, ಮುಳಗಬೇಕಿಲ್ಲೋ? ಕುತಗಿಮಟ ಮುಳಗ್ಯಾಳ, ಮಾರಿ ಮ್ಯಾಲ. ಹತ್ತ ದಿನಾ ಆತು. ಈಗ..." ಅವಳು ದನಿ ಇಳಿಸಿದಳು. "ಈಗ ಕೂದಲಾ ಬೆಳದಾವ್ರಿ ಆಕಿಗಿ."

ನನ್ನ ಮನೆಯವರು ತಿಗರಿ ನಿಲ್ಲಿಸಿದರು.

"ಹಸರ ಕೂದಲಾ. ದಿನಾ ಬೆಳೀತಾವ. ಲಿಂಬಿ ಹರಿಯೂ ಹೆಣ್ಣಾಳ ಬಾವಿ ಕಡೆ ಹೊಳ್ಳಿ ನೋಡವಲ್ರು. ಮೋಟಾರ ಚಾಲೂ ಮಾಡಾಕ ಯಾರೂ ತಯಾರಿಲ್ಲ, ಗಿಡಾ ಒಣಗಾಕತ್ತಾವ. ನೀವ ಮಾಡಿದ್ದು, ನೀವ ಬಂದ ತಗೀರಿ."

ನನಗೆ ತಕ್ಷಣ ತಿಳಿಯಿತು. ಒಂದು ಬೊಗಸೆ ಜೋಳ. ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಹೊರಸಿನ ಮೇಲಿಂದ ಅತ್ತೆಯ ದನಿ.

"ಕಣ್ಣ ತೆರದಾವಂದ್ಯೇನ ತಂಗಿ?"

"ಹೌದ್ರಿ ಆಯಿ. ನಾನ ಬರದೇನಿ."

"ಏ ಇಕಿನ. ಕೈ ತೊಳಕೋ."

ಅದು ನನಗೆ. ಮೊಣಕೈ ತನಕ ಮಣ್ಣಿತ್ತು. ತೊಳೆದುಕೊಂಡೆ. ಇಂಡಿಯವಳಿಗೆ, ನನ್ನ ಕೈ ನಿಂತಿದೆ, ಇನ್ನು ಆ ಗಡಿಗೆಗೂ ನನಗೂ ಸಂಬಂಧವಿಲ್ಲ, ಕಲ್ಲು ಒಗೆದು ಒಡೆಯಿರಿ ಅಂದೆ. ಕಲ್ಲು ಒಗೆಯಲು ಯಾರೂ ಒಪ್ಪುತ್ತಿಲ್ಲ ಅಂದಳು. ಅಳುತ್ತ ಹೋದಳೋ ಬೈಯುತ್ತ ಹೋದಳೋ ನೋಡಲಿಲ್ಲ.

ನಾಲ್ಕು ದಿನ ಪಡಸಾಲೆಯಲ್ಲಿ ಸಪ್ಪಳವಿಲ್ಲ. ಮಧ್ಯಾಹ್ನ ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಬೇವಿನ ನೆರಳು ಮೊಣಕಾಲಿಗೆ ಬಂದು, ಮಡಿಲಿಗೆ ಬಂದು, ಅಲ್ಲಿ ಏನೂ ಕಾಣದೆ ಮುಂದೆ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಬಾವಿ. ಹಸಿರು ನೀರು, ನಡುವೆ ಆಕೆ, ಸುತ್ತಲೂ ಕೂದಲು. ನಿದ್ದೆ ಬರುತ್ತಿರಲಿಲ್ಲ. ಹೊರಸಿನ ಮೇಲೆ ಅತ್ತೆಗೂ ಬರುತ್ತಿರಲಿಲ್ಲ. ಆಚೆ ಹೊರಳುತ್ತಿದ್ದಳು, ಈಚೆ ಹೊರಳುತ್ತಿದ್ದಳು. ನೊಣಕ್ಕೆ ಬೈದಳು. ಮಗನಿಗೆ ಬೈದಳು. ಹೊರಸಿನ ಹಗ್ಗಕ್ಕೆ ಬೈದಳು. ಐದನೇ ದಿನ ಎದ್ದು ಕೂತಳು.

"ಹೋಗಿ ತಗೊಂಡ ಬಾ ಆಕಿನ್ನ."

"ಯಾಕ್ರಿ ಅತ್ತಿ? ಕೈ ಬಂದ್ ಆಗೇತೆಲ್ಲ."

"ತೆರದಾವೋ ಇಲ್ಲೋ ನಾ ನೋಡತೇನಿ."

ಮನೆಯವರು ನಕ್ಕುಬಿಟ್ಟರು. "ನೀ ಹ್ಯಾಂಗ ನೋಡ್ತೀಬೇ ಯವ್ವಾ?"

"ನಿಮ್ಮಪ್ಪನ್ನ ಹ್ಯಾಂಗ ನೋಡಿ ಮಾಡಕೊಂಡೆ? ಹಂಗ," ಅಂದಳು. ಅವರು ಎದ್ದು ಹಿತ್ತಲಿಗೆ ಹೋದರು.

ಇಂಡಿಗೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಿಂಬೆಯ ತೋಟದೊಳಗೆ ಹೋದರೆ ಒಮ್ಮೆಲೇ ತಂಪು, ಹುಳಿ ವಾಸನೆ, ಜೇನ್ನೊಣಗಳ ಗುಂಯ್ ಅನ್ನುವ ದನಿ. ಹಣ್ಣು ಆರಿಸುವ ಹೆಂಗಸರು ಬುಟ್ಟಿ ಬಿಟ್ಟು ದೂರದಲ್ಲಿ ಗುಂಪಾಗಿ ನಿಂತರು. ಬಾವಿಗೆ ಮೆಟ್ಟಿಲಿದ್ದವು. ಇಂಡಿಯ ಸೊಸೆ ಮೂರು ಮೆಟ್ಟಿಲು ಇಳಿದು ನಿಂತಳು. ನಾನು ನೀರಿನ ತನಕ ಹೋದೆ.

ಹೆದರಿಕೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ವಾಲಿದ ಕುತ್ತಿಗೆಯವಳಲ್ಲವೇ, ನೀರಿನಲ್ಲಿ ಹಿಂದಕ್ಕೆ ಒರಗಿ ಮುಖವನ್ನು ಆಕಾಶಕ್ಕೆ ಮಾಡಿದ್ದಳು. ನೆತ್ತಿಯ ಬಾಯಿಯಿಂದ ಜೋಳದ ಎಳೆ ಗೇಣುದ್ದ ಬೆಳೆದು ಕಿವಿಯ ಮೇಲಿಂದ ನೀರಿಗೆ ಇಳಿದಿದ್ದವು. ಗಾಳಿ ಬಂದಾಗ ಮೆಲ್ಲಗೆ ತಿರುಗುತ್ತಿದ್ದಳು. ತಿರುಗಿ ನನ್ನ ಕಡೆಗೆ, ತಿರುಗಿ ಗೋಡೆಯ ಕಡೆಗೆ. ಬಿಸಿಲಿನ ಬಲೆ ಗೋಡೆಯ ಮೇಲೆಲ್ಲ ನಡುಗುತ್ತಿತ್ತು. ಪಾರಿವಾಳವೊಂದು ಕಲ್ಲಿನ ಸಂದಿಯಿಂದ ಗುಟುರು ಹಾಕುತ್ತಿತ್ತು. ಯಾಕೆ ಬಂದೆ ಅನ್ನುವುದೇ ಮರೆತು ಕಡೆಯ ಮೆಟ್ಟಿಲ ಮೇಲೆ ಕೂತೆ, ಕಾಲು ನೀರಿಗೆ ಬಿಟ್ಟೆ. ನಾನು ಮಾಡಿದ ಯಾವ ಗಡಿಗೆಯೂ ಇಷ್ಟು ಸುಖವಾಗಿ ಇರಲಿಲ್ಲ. ಆ ಬಣ್ಣದ ಕಣ್ಣುಗಳು ಬೇರೆ ಯಾರದೋ ಕನ್ನಡಕದ ಹಾಗೆ ಆಕೆಯ ಮೇಲೆ ಕೂತಿದ್ದವು. ನೋಡುತ್ತಿದ್ದವು ನಿಜ, ಆದರೆ ಏನನ್ನೂ ಅಲ್ಲ.

ಎಷ್ಟೊತ್ತು ಕೂತೆನೋ. ಮೇಲಿಂದ ಕೂಗು ಬಂತು.

"ಯಕ್ಕಾ, ನೀವೂ ಹೋಗಿ ಕೂತ್ರಿ ಏನ ಅಲ್ಲೇ? ಏನಂತಾಳ ಆಕಿ?"

"ಜ್ವಾಳ ಬಿತ್ತೇವಿ, ರಾಶಿ ಯಾವಾಗ ಅಂತಾಳ!" ಅಂದೆ.

ಮೇಲೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬಳು ನಕ್ಕರೆ ಮುಗಿಯಿತು, ಎಲ್ಲರೂ ಬಾವಿಯ ದಂಡೆಗೆ ಬಂದು ಬಗ್ಗಿ ನೋಡಿದರು. ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿದರು. ಸೊಂಟದ ತನಕ ನೀರಿಗೆ ಇಳಿದು ಆಕೆಯನ್ನು ಬುಟ್ಟಿಗೆ ತುಂಬಿದೆ. ಮೇಲೆ ಬಂದ ಮೇಲೆ ಬಾಯೊಳಗೆ ಕೈ ಹಾಕಿ ಬೇರಿನ ಮುದ್ದೆ ಎತ್ತಿ ಇಂಡಿಯವಳಿಗೆ ತೋರಿಸಿದೆ.

"ಇದು ನೀವು ಕೊಟ್ಟ ಜ್ವಾಳ ಅಲ್ಲೇನ್ರಿ!" ಅಂದಳು. ಕೂತುಬಿಟ್ಟಳು. "ತಗೀಬ್ಯಾಡ್ರಿ ಅಂದಿದ್ರಿ. ನಾ ತಗದಿದ್ದಿಲ್ಲ."

"ಛಲೋ ಮಾಡೀರಿ."

ಟೆಂಪೊದಲ್ಲಿ ಆಕೆಯನ್ನು ತೊಡೆಯ ಮೇಲೆ ಕೂರಿಸಿ ಸೆರಗು ಹೊದಿಸಿದ್ದೆ. ಸೆರಗಿನ ಹೊರಗೆ ಹಸಿರು ಎಳೆಗಳು. ಟಿಕೀಟು ಕೇಳಲು ಬಂದವನು ಸೆರಗು ಸರಿಸಿ ನೋಡಿ ಬೆಚ್ಚಿದ. "ಯವ್ವಾ, ಇವರದೂ ಟಿಕೀಟ ಆಗಬೇಕಲ್ಲ?"

"ಮಕ್ಕೊಂಡಾಕಿಗಿ ಎಂಥಾ ಟಿಕೀಟು?"

"ಕಣ್ಣ ಬಿಟ್ಟಾರಲ್ಲ!"

ಆ ಮಾತು ಎದೆಗೆ ನಾಟಿತು. ಬಾವಿಯ ದಂಡೆಯಲ್ಲಿ ಎತ್ತಿಕೊಂಡ ಒಂದು ಹರಳು ಕಲ್ಲು ನನ್ನ ಕೈಯಲ್ಲಿತ್ತು; ಕೆರೆದರೆ ಬಣ್ಣ ಹೋಗುತ್ತಿತ್ತು. ಮುಗಿದೇ ಹೋಗುತ್ತಿತ್ತು. ಒಂದು ಸಲ ಹಚ್ಚಿಯೂ ನೋಡಿದೆ. ಆಮೇಲೆ ಕಲ್ಲನ್ನು ಹೊರಗೆ ಒಗೆದೆ. ಬೂದಿ ಮುಟ್ಟಿ ಹೇಳಿದ ಮಾತನ್ನು ಕದ್ದು ಕೆರೆಯಬಾರದು. ಏನಾಗುತ್ತದೋ ಅತ್ತೆಯ ಮುಂದೆಯೇ ಆಗಲಿ.

ಮನೆಗೆ ಬಂದಾಗ ಓಣಿಯೆಲ್ಲ ನಮ್ಮ ಅಂಗಳದಲ್ಲಿತ್ತು. ಎದುರು ಮನೆಯಾಕೆ ನೋಡಿದವಳೇ, "ಅಯ್ಯ ನಮ್ಮವ್ವ, ಎಷ್ಟ ದೊಡ್ಡ ಕಣ್ಣ ಬರದಾರಬೇ! ಗೂಬಿ ಹಂಗ!" ಅಂದಳು. ಅತ್ತೆಗೆ ಕೇಳಿಸಲಿ ಅಂತಲೇ ಅಂದಿದ್ದು.

ಅತ್ತೆ ಮಡಿಲು ತಟ್ಟಿದಳು. ಇಟ್ಟೆ. ಆಕೆಯ ಹೆಬ್ಬೆರಳು ಮೊದಲು ಜೋಳದ ಎಳೆಗೆ ಹೋಯಿತು, ಒಂದನ್ನು ಚಿವುಟಿ ಮೂಸಿದಳು. ಹಣೆಗೆ ಬಂತು. ಮೂಗಿನ ಎರಡೂ ಕಡೆ ಇಳಿಯಿತು. ರೆಪ್ಪೆಯ ಮೇಲೆ ನಿಂತಿತು. ಗೆರೆಗುಂಟ ಹೋಯಿತು, ತಿರುಗಿ ಬಂತು. ಮತ್ತೊಂದು ಕಣ್ಣು.

"ಎಲ್ಲಿ ತೆರದಾವ?" ಅಂದಳು. "ಮಕ್ಕೊಂಡಾಳಲ್ಲ."

"ಯವ್ವಾ, ಮ್ಯಾಲ ಬಣ್ಣಾ ಹಚ್ಯಾರ," ಮನೆಯವರು ಮೆಲ್ಲಗೆ ಹೇಳಿದರು.

"ಬಣ್ಣಾ ನನ್ನ ಬೆರಳಿಗೆ ಹತ್ತೂದಿಲ್ಲ. ಮಣ್ಣ ಏನ ಹೇಳತೈತಿ ಅದು ಖರೆ."

"ಖರೆ ಆಯಿ, ಎಲ್ಲಾರಿಗೂ ಕಾಣಾಕತ್ತೇತಿ..." ಎದುರು ಮನೆಯಾಕೆ ಶುರು ಮಾಡಿದಳು.

"ಕಣ್ಣಿದ್ದಾವ್ರು ಎಲ್ಲಾ ಕೂಡಿ ನೋಡಿ ಏನ ಹರದ್ರಿ? ಬಾವ್ಯಾಗ ಜ್ವಾಳ ಬೆಳದ್ರ ದೆವ್ವ ಅಂದ್ರಿ. ಹೋಗ, ಒಲಿ ಮ್ಯಾಲ ಏನರ ಸುಡತೈತಿ ನಿಂದು."

ಅಂಗಳ ಖಾಲಿಯಾಯಿತು. ಅತ್ತೆ ಗಡಿಗೆಯನ್ನು ನನಗೆ ಕೊಡಲಿಲ್ಲ. ಎಳೆಗಳನ್ನು ಕಿತ್ತು ಹಿತ್ತಲಲ್ಲಿ ಹಚ್ಚು ಅಂದಳು. ಹಚ್ಚಿದೆ, ಮರುದಿನ ಆಡು ತಿಂದಿತು. ಖಾಲಿ ಇಡಬೇಡ ಅಂದಳು. ಒರೆಸಿ, ಒಣಗಿಸಿ, ಆಕೆಯ ಎಲೆ ಅಡಿಕೆ ತುಂಬಿ ತಲೆದಿಂಬಿನ ಹತ್ತಿರ ಇಟ್ಟೆ. ಇಂಡಿಯವಳಿಗೆ ಬೇರೊಬ್ಬಳನ್ನು ಕಳಿಸಿದೆ. ಈ ಸಲ ಜೋಳ ಹಾಕಬೇಡಿರಿ ಅಂತ ಹೇಳಿ ಕಳಿಸಿದ್ದಳು. ಹಾಕಿಯೇ ಕಳಿಸಿದೆ, ನೀವು ಬಣ್ಣ ಹಚ್ಚಬೇಡಿರಿ ಅಂತ ಹೇಳಿದೆ.

ಅತ್ತೆ ಅವತ್ತು ನ್ಯಾಯ ಹೇಳಿದಳೋ, ನಾಲ್ಕು ಮಧ್ಯಾಹ್ನದ ನಿದ್ದೆ ಬಡ್ಡಿ ಸಮೇತ ವಸೂಲು ಮಾಡಿದಳೋ, ನಾನು ಕೇಳಲಿಲ್ಲ. ಆಕೆ ಹೋಗಿ ಬಹಳ ವರ್ಷವಾಯಿತು, ಈಗ ಕೇಳಿ ಏನಾಗಬೇಕಿದೆ? ಎಣ್ಣೆಬಣ್ಣ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ, ಇಷ್ಟು ಮಾತ್ರ ನನಗೆ ಗೊತ್ತು. ಹಚ್ಚಿದ ಅಂಚು ಕೂದಲೆಳೆಯಷ್ಟು ಎತ್ತರ ನಿಲ್ಲುತ್ತದೆ. ಕೂದಲೆಳೆಯ ಬಿರುಕು ಹುಡುಕುವ ಬೆರಳಿಗೆ ಅದು ಸಿಗದೇ ಇರುವುದಿಲ್ಲ.

ಬಾವಿಯಿಂದ ಬಂದ ಮರುದಿನ ಉಂಡು, ತಾಟು ತೊಳೆದು, ಪಡಸಾಲೆಯಲ್ಲಿ ಕೂತೆ. ಎಡಗೈಗೆ ಕಲ್ಲು, ಬಲಗೈಗೆ ಹಲಗೆ. ಬೇವಿನ ನೆರಳು ಮೊಣಕಾಲಿಗೆ ಬಂತು, ಮಡಿಲಿಗೆ ಬಂತು, ಅಲ್ಲಿ ಗಡಿಗೆ ಕಂಡು ನಿಂತಿತು. ಹತ್ತು ಏಟು ಬಿದ್ದಿರಲಿಕ್ಕಿಲ್ಲ, ಹೊರಸಿನ ಮೇಲಿಂದ ಗೊರಕೆ. ನಾನು ತಟ್ಟುತ್ತ ಆಕೆಯ ಮುಖ, ಒಂದು ಕಡೆ ಬಾಗಿದ ಮೂಗು ನೋಡುತ್ತ ಇದ್ದೆ, ಹಾಗೇ ಕಣ್ಣು ಮುಚ್ಚಿದವು. ಎಚ್ಚರವಾದಾಗ ಗಡಿಗೆಯ ತಲೆ ವಾಲಿತ್ತು. ಮೂಗು ಇಟ್ಟೆ.

ಸಂಜೆ ಒಣಗಲು ಕಟ್ಟೆಗೆ ಒಯ್ಯುವ ಮೊದಲು ಅತ್ತೆಯ ಕೈಗೆ ಕೊಟ್ಟೆ. ಹೆಬ್ಬೆರಳು ರೆಪ್ಪೆ ದಾಟಿ ಮೂಗಿಗೆ ಬಂದು ನಿಂತಿತು. ಇನ್ನೊಮ್ಮೆ ಮೇಲಿಂದ ಇಳಿಯಿತು.

"ಇಷ್ಟ ಸೊಟ್ಟ ಮೂಗ ಯಾರದಬೇ ಇದು?"

"ಯಾರದೋ ಇರಬೇಕ್ರಿ," ಅಂದೆ.